ಕುಂಜಿಬೆಟ್ಟಿನ ಒಂದು ಡೇಕೇರ್: ಥ್ಯಾಂಕ್ಸ್ ಯಾವುದಕ್ಕೆಲ್ಲ ಎಂಬ ಲೆಕ್ಕ

ಡೇಕೇರ್ ಹುಡುಕಿಕೊಂಡು ಬರುವವರು ಬಾಗಿಲಲ್ಲೇ ಕೇಳುವುದು ಎರಡು ಪ್ರಶ್ನೆ: ಫೀಸ್ ಎಷ್ಟು, ಸಿಸಿಟಿವಿ ಉಂಟಾ? ಉಡುಪಿ ಕುಂಜಿಬೆಟ್ಟಿನ ಒಳರಸ್ತೆಯಲ್ಲಿರುವ ಈ ಡೇಕೇರ್‌ನಲ್ಲಿ ಫೀಸ್ ತಿಂಗಳಿಗೆ 6,500 ರೂಪಾಯಿ, ಊಟ ಸೇರಿ. ಕ್ಯಾಮೆರಾ ಗೇಟಿಗೆ ಒಂದು, ಅಡುಗೆ ಕೋಣೆಗೆ ಒಂದು, ಅಷ್ಟೆ. ಮೊಬೈಲಿನಲ್ಲಿ ಲೈವ್ ನೋಡುವ ವ್ಯವಸ್ಥೆ ಇಲ್ಲ. ಇಷ್ಟು ಕೇಳಿ ವಾಪಸ್ ಹೋಗುವವರೂ ಇದ್ದಾರೆ. ಹೆಸರು ಇಲ್ಲಿ ಹಾಕುತ್ತಿಲ್ಲ. ಇರುವುದು 14 ಮಕ್ಕಳಿಗೆ ಜಾಗ, ಫೋನು ಹೆಚ್ಚಾದರೆ ಎತ್ತುವುದಕ್ಕೆ ಕೈ ಇಲ್ಲ ಎಂದು ಅವರೇ ಬೇಡ ಅಂದಿದ್ದಾರೆ. ಆದರೆ ಇಲ್ಲಿ ಏನು ಸರಿಯಾಗಿ ನಡೆಯುತ್ತದೆ ಎಂದು ಗೊತ್ತಿದ್ದರೆ ಬೇರೆ ಕಡೆ ಹುಡುಕುವವರಿಗೆ ಏನು ಕೇಳಬೇಕು ಎಂಬುದಾದರೂ ಗೊತ್ತಾಗುತ್ತದೆ.

ಕೇಳಬೇಕಾದ್ದು ಇದು: ಒಬ್ಬ ಅಕ್ಕನ ಕೈಯಲ್ಲಿ ಎಷ್ಟು ಮಕ್ಕಳು, ಆ ಅಕ್ಕ ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು? ಇಲ್ಲಿ ನಾಲ್ವರು ಅಕ್ಕಂದಿರು, ಅಡುಗೆಗೆ ಬೇರೊಬ್ಬರು. ಒಂದೂವರೆ ವರ್ಷದೊಳಗಿನ ಮಕ್ಕಳಾದರೆ ಒಬ್ಬರಿಗೆ ಮೂರಕ್ಕಿಂತ ಹೆಚ್ಚಿಲ್ಲ, ದೊಡ್ಡವರಾದರೆ ಐದು. ಇಂಗ್ಲೆಂಡ್‌ನಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಮೂವರಿಗೊಬ್ಬರು ಎಂಬುದು ಕಾನೂನೇ. ನಮ್ಮಲ್ಲಿ ಕಾನೂನಿನ ಒತ್ತಾಯ ಇಲ್ಲದೆಯೂ ಒಂದು ಬಾಡಿಗೆ ಮನೆಯಲ್ಲಿ ಇದನ್ನು ಪಾಲಿಸುವುದೆಂದರೆ ಬರುವ ಲಾಭದಲ್ಲಿ ದೊಡ್ಡ ಪಾಲನ್ನು ಸಂಬಳಕ್ಕೆ ಕೊಡುವುದು ಎಂದೇ ಅರ್ಥ. ಲೆಕ್ಕ ಸರಳ: ಮೂರು ಕೂಸುಗಳಲ್ಲಿ ಒಂದು ಊಟ ಮಾಡುವಾಗ ಇನ್ನೊಂದು ಹೇತುಕೊಂಡಿರುತ್ತದೆ, ಮತ್ತೊಂದು ನಿದ್ದೆಗೆ ಅಳುತ್ತಿರುತ್ತದೆ. ನಾಲ್ಕನೆಯದು ಬಂತೆಂದರೆ ಯಾವುದೋ ಒಂದು ಕಾಯಲೇಬೇಕು.

ಉಣಿಸುವವರು, ಬಟ್ಟೆ ಬದಲಿಸುವವರು, ಮಲಗಿಸುವವರು ಒಬ್ಬರೇ ಆಗಿರಬೇಕು ಎಂಬುದು ಇಲ್ಲಿಯ ಎರಡನೇ ನಿಯಮ. ಎಂಟು ತಿಂಗಳ ಹೊತ್ತಿಗೆ ಮಗುವಿಗೆ ಪರಿಚಯದ ಮುಖ ಮತ್ತು ಅಪರಿಚಿತ ಮುಖದ ವ್ಯತ್ಯಾಸ ಗಟ್ಟಿಯಾಗಿ ತಿಳಿಯುತ್ತದೆ. ಆಗ ತಿಂಗಳಿಗೊಂದು ಹೊಸ ಮುಖ ಬಂದರೆ ಮೊದಲು ಕೆಡುವುದು ಊಟ, ಆಮೇಲೆ ಮಧ್ಯಾಹ್ನದ ನಿದ್ದೆ, ಕೊನೆಗೆ ಮನೆಯಲ್ಲಿ ರಾತ್ರಿಯ ನಿದ್ದೆ. ಅಕ್ಕಂದಿರು ಇಲ್ಲಿ ನಿಲ್ಲುವುದಕ್ಕೆ ಕಾರಣ ಮಕ್ಕಳ ಪ್ರೀತಿ ಮಾತ್ರ ಅಲ್ಲ. ಸಂಬಳ ತಿಂಗಳ ಐದರೊಳಗೆ ಕೈಗೆ ಬರುತ್ತದೆ, ಮಧ್ಯಾಹ್ನ ಸರದಿಯಲ್ಲಿ ಒಂದೊಂದು ಗಂಟೆ ಕಾಲು ಚಾಚುವುದಕ್ಕೆ ಬಿಡುವು ಉಂಟು, ರಜೆ ಹಾಕಿದರೆ ಬದಲಿಗೆ ಬರುವವರು ಮಕ್ಕಳಿಗೆ ಪರಿಚಯವಿರುವ ಒಬ್ಬರೇ. ಹೊಸ ಡೇಕೇರ್ ನೋಡುವಾಗ ಗೋಡೆಯ ಮೇಲಿನ ಕಾರ್ಟೂನ್ ನೋಡುವ ಬದಲು ಅಕ್ಕಂದಿರು ಎಷ್ಟು ಹೊತ್ತಿಗೆ ಊಟ ಮಾಡುತ್ತಾರೆ ಎಂದು ವಿಚಾರಿಸಿ. ಉತ್ತರ ತಡವರಿಸಿದರೆ ಅರ್ಥವಾಗುತ್ತದೆ.

ಹೆರಿಗೆ ರಜೆ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ. ಹಾಗಾಗಿ ಇಲ್ಲಿಗೆ ಬರುವ ಹೆಚ್ಚಿನ ಕೂಸುಗಳ ವಯಸ್ಸು ಐದರಿಂದ ಆರು ತಿಂಗಳು. 50 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ನೋಡಲು ಬಿಡಬೇಕು ಎಂದೂ ಕಾನೂನು ಹೇಳುತ್ತದೆ. ನಮ್ಮ ಊರಿನ ಕ್ಲಿನಿಕ್, ಲ್ಯಾಬ್, ಬಟ್ಟೆ ಅಂಗಡಿ, ಸೊಸೈಟಿಗಳಲ್ಲಿ ಹೆಚ್ಚಿನವು ಐವತ್ತರ ಕೆಳಗೆ. ಅಂಗನವಾಡಿ ಮೂರು ವರ್ಷ ತುಂಬಿದವರಿಗೆ, ಅದೂ ಸಂಜೆಯ ತನಕ ಇಲ್ಲ. ನಡುವಿನ ಈ ಎರಡೂವರೆ ವರ್ಷವನ್ನು ಅಜ್ಜಿ ಇಲ್ಲದ ಮನೆಗಳಲ್ಲಿ ದಾಟಿಸುವವರು ಇಂಥ ಅಕ್ಕಂದಿರು.

ಸೇರಿಸುವ ಕ್ರಮ ಹೀಗೆ. ಮೊದಲ ದಿನ ಅಮ್ಮನೋ ಅಪ್ಪನೋ ಜೊತೆಗಿದ್ದು ಒಂದು ಗಂಟೆ. ಎರಡನೇ ದಿನ ಅವರು ಪಕ್ಕದ ಕೋಣೆಯಲ್ಲಿ. ಮೂರನೇ ದಿನ ಎರಡು ಗಂಟೆ ಮಗು ಒಂದೇ, ಆದರೆ ಒಂದು ಊಟ ಆ ಹೊತ್ತಿನೊಳಗೆ ಬರಬೇಕು. ಊಟ ಸಲೀಸಾದ ಮೇಲೆ ನಿದ್ದೆ. ನಿದ್ದೆ ಮಾಡಿ ಎದ್ದಾಗ ಅಕ್ಕನ ಮುಖ ನೋಡಿ ಅಳದಿದ್ದರೆ ಮರುದಿನದಿಂದ ಪೂರ್ತಿ ದಿನ. ಆರು ತಿಂಗಳ ಮಗು ವಾರದಲ್ಲಿ ಹೊಂದಿಕೊಳ್ಳುತ್ತದೆ, ಹತ್ತು ತಿಂಗಳಿನದ್ದು ಮೂರು ವಾರ ತೆಗೆದುಕೊಂಡರೂ ಆಶ್ಚರ್ಯ ಇಲ್ಲ. ಮಗು ಆಟದಲ್ಲಿ ಮೈಮರೆತಾಗ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುವ ನಮ್ಮ ಊರಿನ ಹಳೆ ಉಪಾಯಕ್ಕೆ ಇಲ್ಲಿ ಅವಕಾಶ ಇಲ್ಲ. ಹಾಗೆ ಮಾಡಿದರೆ ಮಗು ಮರುದಿನದಿಂದ ಆಟ ಬಿಟ್ಟು ಬಾಗಿಲು ಕಾಯುತ್ತದೆ. ಹೇಳಿ ಹೊರಡಬೇಕು, ಒಂದೇ ಸಲ ಹೇಳಬೇಕು, ತಿರುಗಿ ಬರಬಾರದು. ಅಮ್ಮನ ಹಳೆಯ ಹತ್ತಿ ಸೀರೆಯ ತುಂಡು ಒಂದು ತರಲು ಹೇಳುತ್ತಾರೆ. ಅದನ್ನು ಒಂದು ವರ್ಷದೊಳಗಿನ ಮಗುವಿನ ಹಾಸಿಗೆಯಲ್ಲಿ ಇಡುವುದಿಲ್ಲ, ಮುಖದ ಮೇಲೆ ಬಿದ್ದರೆ ಉಸಿರಿಗೆ ಅಪಾಯ. ಅಕ್ಕ ತನ್ನ ಹೆಗಲ ಮೇಲೆ ಹಾಕಿಕೊಂಡು ಮಗುವನ್ನು ಎತ್ತಿಕೊಳ್ಳುತ್ತಾರೆ. ಈ ಒಂದು ವಿಷಯಕ್ಕೇ ಪೂರ್ತಿ ಮಾರ್ಕು ಕೊಡಬೇಕು.

ಮಲಗಿಸುವುದು ನೆಲದ ಮೇಲೆ ತೆಳ್ಳಗಿನ, ಗಟ್ಟಿ ಹಾಸಿಗೆಯಲ್ಲಿ, ಅಂಗಾತ. ದಿಂಬಿಲ್ಲ. ಮನೆಯಲ್ಲಿ ಸೀರೆಯ ಜೋಲಿಯಲ್ಲೇ ಮಲಗಿ ಅಭ್ಯಾಸವಾದ ಮಗು ಮೊದಲೆರಡು ವಾರ ನೆಲದಲ್ಲಿ ಕಣ್ಣು ಮುಚ್ಚುವುದಿಲ್ಲ. ಹಾಗಾಗಿ ಸೇರಿಸುವ ಹದಿನೈದು ದಿನ ಮೊದಲೇ ಮನೆಯಲ್ಲಿ ಹಗಲಿನ ಒಂದು ನಿದ್ದೆಯನ್ನಾದರೂ ಚಾಪೆಗೆ ಬದಲಿಸಿ ಎಂದು ಹೇಳುತ್ತಾರೆ. ಕೇಳದವರು ಆಮೇಲೆ ಡೇಕೇರ್‌ನಲ್ಲಿ ಮಗು ಮಲಗುವುದೇ ಇಲ್ಲ ಎಂದು ದೂರುತ್ತಾರೆ.

ಇನ್ನು ಪುಸ್ತಕ. ಪ್ರತಿ ಮಗುವಿಗೆ ನೂರು ಪುಟದ ಒಂದು ನೋಟ್‌ಬುಕ್. ಆ್ಯಪ್ ಗೀಪ್ ಏನಿಲ್ಲ. ಬೆಳಿಗ್ಗೆ ಪೋಷಕರಾದ ನಾವು ಬರೆಯಬೇಕಾದ್ದು ಐದು: ರಾತ್ರಿ ನಿದ್ದೆ ಹೇಗೆ, ಕೊನೆಯ ಹಾಲು ಅಥವಾ ಊಟ ಎಷ್ಟು ಹೊತ್ತಿಗೆ, ಕೊನೆಗೆ ಉಚ್ಚೆ ಮಾಡಿದ್ದು ಯಾವಾಗ, ಯಾವ ಔಷಧಿ ಎಷ್ಟು ಹೊತ್ತಿಗೆ ಕೊಟ್ಟದ್ದು, ಬಿದ್ದದ್ದೋ ತಾಗಿದ್ದೋ ಏನಾದರೂ ಉಂಟಾ. ಸಂಜೆ ಅಕ್ಕಂದಿರದು: ‘10.20 ರಾಗಿ ಮಣ್ಣಿ ಅರ್ಧ ಕಪ್, 10.50 ಉಚ್ಚೆ, 11.15ರಿಂದ 12.30 ನಿದ್ದೆ’ ಹೀಗೆ ಸಾಲು ಸಾಲು. ಕಾವ್ಯ ಇಲ್ಲ, ಆದರೆ ಡಾಕ್ಟರ ಮುಂದೆ ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಚಿಕ್ಕ ಕೂಸು 24 ಗಂಟೆಯಲ್ಲಿ ಆರು ಸಲವಾದರೂ ಉಚ್ಚೆ ಮಾಡಬೇಕು. ಮಧ್ಯಾಹ್ನ ಎರಡರ ತನಕ ಒಂದೇ ಸಲ ಆಗಿದ್ದರೆ ಅಕ್ಕನಿಂದ ಫೋನ್ ಬರುತ್ತದೆ. ಭೇದಿಯ ದಿನಗಳಲ್ಲಿ ಮೈಯ ನೀರು ಇಂಗುವುದನ್ನು ಮೊದಲು ತೋರಿಸುವುದು ಈ ಲೆಕ್ಕವೇ.

ಬೆಳಿಗ್ಗೆಯ ಆ ನಾಲ್ಕನೇ ಸಾಲಿನ ಬಗ್ಗೆ ಅವರು ಬಹಳ ಖಡಕ್, ಮತ್ತು ಅದು ಸರಿ. ಏಳು ಗಂಟೆಗೆ ಪ್ಯಾರಾಸಿಟಮಾಲ್ ಹಾಕಿ ಜ್ವರ ಇಳಿಸಿ, ಏನೂ ಹೇಳದೆ ಮಗುವನ್ನು ಬಿಟ್ಟು ಹೋಗುವವರು ಎಲ್ಲ ಡೇಕೇರ್‌ಗಳಲ್ಲೂ ಇರುತ್ತಾರೆ. ಹನ್ನೊಂದಕ್ಕೆ ಜ್ವರ ಮತ್ತೆ ಏರುತ್ತದೆ. ಅಷ್ಟರಲ್ಲಿ ಉಳಿದ ಮಕ್ಕಳ ಜೊತೆ ಆಟಿಕೆ ಚೀಪಿ ಆಗಿರುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಡೋಸ್ ಮೇಲೆ ಡೋಸ್. ಪ್ಯಾರಾಸಿಟಮಾಲ್‌ನ ಲೆಕ್ಕ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಆರು ಗಂಟೆ. ಅಂದರೆ ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ. ಮೆಡಿಕಲ್‌ನಲ್ಲಿ ಸಿಗುವುದು ಮೂರು ಥರ: ಡ್ರಾಪ್ಸ್‌ನಲ್ಲಿ ಒಂದು ಎಂಎಲ್‌ಗೇ 100 ಮಿಲಿಗ್ರಾಂ, ಒಂದು ಸಿರಪ್‌ನಲ್ಲಿ 5 ಎಂಎಲ್‌ಗೆ 120, ಇನ್ನೊಂದರಲ್ಲಿ 5 ಎಂಎಲ್‌ಗೆ 250. ಅದೇ 150 ಮಿಲಿಗ್ರಾಂಗೆ ಡ್ರಾಪ್ಸ್ ಆದರೆ ಒಂದೂವರೆ ಎಂಎಲ್, 120ರ ಸಿರಪ್ ಆದರೆ ಆರು ಚಿಲ್ಲರೆ, 250ರದ್ದಾದರೆ ಮೂರು. ‘ಒಂದು ಚಮಚ ಕೊಡಿ’ ಎಂದು ಹೇಳಿ ಡ್ರಾಪ್ಸ್ ಬಾಟಲಿ ಕೊಟ್ಟು ಹೋದರೆ ಮಗುವಿನ ಹೊಟ್ಟೆಗೆ 500 ಮಿಲಿಗ್ರಾಂ ಹೋಗುತ್ತದೆ, ಮೂರು ಪಾಲಿಗಿಂತ ಹೆಚ್ಚು. ಅದಕ್ಕೇ ಇಲ್ಲಿ ಬಾಯಿಮಾತಿನ ಔಷಧಿ ಇಲ್ಲ: ಡಾಕ್ಟರ ಚೀಟಿಯ ಫೋಟೊ, ಬಾಟಲಿಯ ಮೇಲೆ ಮಗುವಿನ ಹೆಸರು, ಎಂಎಲ್‌ನಲ್ಲಿ ಪ್ರಮಾಣ, ಕೊಡಬೇಕಾದ ಹೊತ್ತು. ಕೊಡುವುದು ಸೂಜಿ ಇಲ್ಲದ ಸಿರಿಂಜಿನಲ್ಲಿ. ಕೊಟ್ಟ ಕೂಡಲೇ ಸಹಿ.

ಅಡುಗೆ ಸಸ್ಯಾಹಾರ, ಮೊಟ್ಟೆ ಉಂಟು. ಆರು ತಿಂಗಳ ಮಕ್ಕಳಿಗೆ ಶುರು ರಾಗಿ ಮಣ್ಣಿಯಿಂದ. ರಾತ್ರಿ ನೆನೆಸಿದ ರಾಗಿಯನ್ನು ರುಬ್ಬಿ, ತೆಳ್ಳಗಿನ ಬಟ್ಟೆಯಲ್ಲಿ ಎರಡು ಸಲ ಸೋಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಕಾಯಿಸುತ್ತಾರೆ. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಿ ಹೊಳಪು ಬರಬೇಕು. ಅದಕ್ಕೆ ಮೊದಲೇ ಇಳಿಸಿದರೆ ಮಗುವಿಗೆ ಹೊಟ್ಟೆ ಉಬ್ಬರ. ಚಮಚ ಓರೆ ಮಾಡಿದರೆ ನೀರಿನ ಹಾಗೆ ಸುರಿಯಬಾರದು, ನಿಧಾನ ಜಾರಿ ಬೀಳಬೇಕು. ತೆಳ್ಳಗೆ ಮಾಡಿ ಬಾಟಲಿಯಲ್ಲಿ ಹಾಕಿ ಎಂದು ಕೇಳುವವರಿಗೆ ಇಲ್ಲ ಎನ್ನುತ್ತಾರೆ, ಹೊಟ್ಟೆ ನೀರಿನಿಂದ ತುಂಬುತ್ತದೆ, ತೂಕ ಏರುವುದಿಲ್ಲ. ಮೊದಲು ಎರಡು ಮೂರು ದೊಡ್ಡ ಚಮಚ, ಎಂಟು ತಿಂಗಳ ಹೊತ್ತಿಗೆ 250 ಎಂಎಲ್ ಕಪ್ಪಿನ ಅರ್ಧ. ವರ್ಷದೊಳಗೆ ಉಪ್ಪು, ಸಕ್ಕರೆ, ಜೇನು ಯಾವುದೂ ಇಲ್ಲ. ಅಜ್ಜಿಯಂದಿರಿಗೆ ಜೇನಿನ ವಿಷಯದಲ್ಲಿ ಸಿಟ್ಟು ಬರುವುದುಂಟು, ಆದರೆ ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಚಿಕ್ಕ ಕರುಳಿನಲ್ಲಿ ಮೊಳೆತು ವಿಷವಾಗಬಲ್ಲದು.

ದೊಡ್ಡ ಮಕ್ಕಳಿಗೆ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಹೆಸರು ಬೇಳೆ ತೊವ್ವೆ, ಒಂದು ತರಕಾರಿ, ತುಪ್ಪ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಯಷ್ಟು ಬೇಗ ಬೇಯುವುದಿಲ್ಲ, ಹಾಗಾಗಿ ಒಲೆ ಹತ್ತಕ್ಕೇ ಹೊತ್ತುತ್ತದೆ. ವರ್ಷದೊಳಗಿನವರಿಗೆ ಬೆಂದ ಮೇಲೂ ಒಮ್ಮೆ ಕಡೆಯುತ್ತಾರೆ. ಸಂಜೆಗೆ ಆವಿಯಲ್ಲಿ ಬೇಯಿಸಿದ ನೇಂದ್ರ ಬಾಳೆ. ಮೀನು ಡಬ್ಬಿಯಲ್ಲೂ ಬೇಡ, ಮನೆಯಲ್ಲಿ ಕೊಡಿ ಎನ್ನುತ್ತಾರೆ. ಕೆಲವರು ಇದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡದ್ದುಂಟು. ಕಾರಣ ಬೂತಾಯಿಯ ಮುಳ್ಳು. ಐದು ಮಕ್ಕಳಿಗೆ ಉಣಿಸುತ್ತಾ ಮುಳ್ಳು ಹೆಕ್ಕುವುದು ಆಗುವ ಕೆಲಸ ಅಲ್ಲ.

ಗಂಟಲಲ್ಲಿ ಸಿಕ್ಕಿಕೊಳ್ಳುವ ವಸ್ತುಗಳ ಪಟ್ಟಿ ಅಡುಗೆ ಕೋಣೆಯ ಬಾಗಿಲಲ್ಲೇ ಅಂಟಿಸಿದೆ: ನೆಲಗಡಲೆ, ಇಡೀ ದ್ರಾಕ್ಷಿ, ಚಿಕ್ಕು ಬೀಜ, ಹಲಸಿನ ಬೀಜ, ಮಳೆಗಾಲವಾದರೆ ರಂಬೂಟಾನ್. ಈ ರಂಬೂಟಾನ್ ಬಗ್ಗೆ ಯಾರೂ ಹೆದರುವುದಿಲ್ಲ, ಹೆದರಬೇಕು: ನುಣುಪು, ಗುಂಡಗೆ, ಮಗುವಿನ ಶ್ವಾಸನಾಳಕ್ಕೆ ಬಿರಡೆಯಂತೆ ಕೂರುವ ಗಾತ್ರ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿಸಿಯೇ ಕೊಡುವುದು. ಅಡ್ಡಕ್ಕೆ ಕತ್ತರಿಸಿದರೆ ಗುಂಡಗೇ ಉಳಿಯುತ್ತದೆ. ಸಿಕ್ಕಿಕೊಂಡರೆ ಏನು ಮಾಡಬೇಕು ಎಂದು ನಾಲ್ವರಿಗೂ ಗೊತ್ತು. ವರ್ಷದೊಳಗಿನ ಮಗುವನ್ನು ಮುಂಗೈ ಮೇಲೆ ತಲೆ ಕೆಳಗಾಗಿ ಕವುಚಿ ಬೆನ್ನಿಗೆ ಐದು ಪೆಟ್ಟು, ತಿರುಗಿಸಿ ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಒತ್ತು, ಮತ್ತೆ ಮೊದಲಿನಿಂದ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಿಗೆ ಬೆರಳು ಹಾಕಿ ತಡಕುವುದಿಲ್ಲ, ಅದು ಇನ್ನೂ ಒಳಗೆ ಹೋಗುತ್ತದೆ.

ತಾಯಿಯ ಹಾಲು ತೆಗೆದು ತರುವವರಿಗೆ: ಬಾಟಲಿಯ ಮೇಲೆ ಹೆಸರು, ದಿನಾಂಕ, ತೆಗೆದ ಹೊತ್ತು ಬರೆದು, ಐಸ್ ಪ್ಯಾಕ್ ಇರುವ ಚೀಲದಲ್ಲಿ ತನ್ನಿ. ಹೊರಗೆ ನಾಲ್ಕು ಗಂಟೆ ಇಡಬಹುದು ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು 25 ಡಿಗ್ರಿಯ ಕೋಣೆಯ ಮಾತು, ನಮ್ಮ ಏಪ್ರಿಲ್‌ನದ್ದಲ್ಲ. ಬಿಸಿ ಮಾಡುವುದು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಬಾಟಲಿ ಇಟ್ಟು. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಕುದಿ ಬಂದು ನಾಲಗೆ ಸುಡುತ್ತದೆ. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯ ಮೇಲೆ ಚೆಲ್ಲುತ್ತಾರೆ. ತಾಯಂದಿರಿಗೆ ಹೊಟ್ಟೆ ಉರಿಯುತ್ತದೆ, ಹಾಗಾಗಿ 60 ಎಂಎಲ್‌ನ ಸಣ್ಣ ಬಾಟಲಿಗಳಲ್ಲಿ ತರುವುದೇ ಜಾಣತನ.

ಕರಾವಳಿಯ ಡೇಕೇರ್ ಒಂದರ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್. ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ಅಂಗನವಾಡಿ, ಶಾಲೆಗಳಿಗೆ ರಜೆ ಕೊಡುತ್ತಾರೆ. ಆಸ್ಪತ್ರೆಗೆ, ಬ್ಯಾಂಕಿಗೆ ಕೊಡುವುದಿಲ್ಲ. ಅಂಥ ದಿನ ಬೆಳಿಗ್ಗೆ ಆರೂವರೆಗೆ ವಾಟ್ಸಾಪ್ ಬರುತ್ತದೆ: ಮನೆಯಲ್ಲಿ ಇಟ್ಟುಕೊಳ್ಳಲು ಸಾಧ್ಯವಿರುವವರು ಇಟ್ಟುಕೊಳ್ಳಿ, ಆಗದವರು ಕರೆತನ್ನಿ. ನಡೆದು ಬರುವಷ್ಟು ಹತ್ತಿರದ ಇಬ್ಬರು ಅಕ್ಕಂದಿರು ಹೇಗಾದರೂ ಇರುತ್ತಾರೆ, ಅವರಿಗೆ ಎಷ್ಟು ಮಕ್ಕಳು ಆಗುತ್ತದೋ ಅಷ್ಟೇ ತೆಗೆದುಕೊಳ್ಳುತ್ತಾರೆ. ಡ್ಯೂಟಿ ತಪ್ಪಿಸಲಾಗದ ನರ್ಸ್‌ಗಳಿಗೆ ಮೊದಲ ಜಾಗ. ಮಣಿಪಾಲದಲ್ಲಿ ಎಷ್ಟೋ ವಾರ್ಡುಗಳು ಮಳೆಯ ದಿನವೂ ನಡೆಯುವುದರ ಹಿಂದೆ ಈ ಇಬ್ಬರಂಥವರ ಕೊಡೆಯೂ ಉಂಟು.

ಒಣಗುವುದು ಇನ್ನೊಂದು ಸಮಸ್ಯೆ. ಬೇಸಗೆಯಲ್ಲಿ ಮೂರು ಜೊತೆ ಬಟ್ಟೆ ಸಾಕು, ಮಳೆಯಲ್ಲಿ ಐದು ಬೇಕು. ಅರೆ ಒಣಗಿದ ಲಂಗೋಟಿ ಕಟ್ಟಿದರೆ ಎರಡೇ ದಿನದಲ್ಲಿ ತೊಡೆಸಂದು ಕೆಂಪಾಗುತ್ತದೆ. ಉಬ್ಬಿದ ಜಾಗದಲ್ಲಿ ಮಾತ್ರ ಕೆಂಪಾಗಿ ಮಡಿಕೆ ಚೆನ್ನಾಗಿದ್ದರೆ ಅದು ಒದ್ದೆಯಿಂದ ಆದದ್ದು, ತೊಳೆದು ಒತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು ಜಿಂಕ್ ಕ್ರೀಮ್ ಹಚ್ಚಿದರೆ ಇಳಿಯುತ್ತದೆ. ಮಡಿಕೆಯೊಳಗೇ ಗಾಢ ಕೆಂಪು, ಸುತ್ತ ಸಣ್ಣ ಸಣ್ಣ ಚುಕ್ಕೆ ಇದ್ದರೆ ಶಿಲೀಂಧ್ರ. ಅದಕ್ಕೆ ಡಾಕ್ಟರ ಮುಲಾಮೇ ಬೇಕು. ಈ ವ್ಯತ್ಯಾಸವನ್ನು ನಮಗೆ ಮೊದಲು ತೋರಿಸಿಕೊಡುವವರು ಅಕ್ಕಂದಿರು. ಡೈಪರ್ ಆದರೂ ಎರಡು ಮೂರು ಗಂಟೆಗೊಮ್ಮೆ ಬದಲಾಗುತ್ತದೆ, ತುಂಬುವ ತನಕ ಕಾಯುವುದಿಲ್ಲ. ಬೆವರುಸಾಲೆಗೆ ಪೌಡರ್ ಹಾಕುವುದಿಲ್ಲ, ಸ್ನಾನ ಮತ್ತು ಫ್ಯಾನು.

ಅಂಗಳದ ಪಾಚಿಯನ್ನು ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ, ಮಕ್ಕಳು ಹೋದ ಮೇಲೆ, ಗೀಚಿ ತೊಳೆಯುತ್ತಾರೆ. ಬಾವಿಗೆ ಕಬ್ಬಿಣದ ಬಲೆ, ಬಲೆಗೆ ಬೀಗ. ಬಚ್ಚಲಿನ ಬಕೆಟ್‌ಗಳು ಯಾವಾಗಲೂ ಕವುಚಿಯೇ ಇರುತ್ತವೆ, ನಡೆಯಲು ಕಲಿತ ಮಗುವಿಗೆ ನಾಲ್ಕು ಇಂಚು ನೀರು ಸಾಕು. ಬಾವಿ ನೀರು ಮಳೆಯಲ್ಲಿ ಕದಡುವುದರಿಂದ ವರ್ಷವಿಡೀ ಕುದಿಸಿದ ನೀರೇ. ಕಿಟಕಿಗಳಿಗೆ ಸೊಳ್ಳೆ ಬಲೆ ಉಂಟು, ಕಾಯಿಲ್ ಹಚ್ಚುವುದಿಲ್ಲ.

ಕೈ ಕಾಲು ಬಾಯಿ ರೋಗ ಬರದ ಡೇಕೇರ್ ಇಲ್ಲ, ಇಲ್ಲಿಯೂ ಬರುತ್ತದೆ. ಮೆಚ್ಚಬೇಕಾದ್ದು ಮುಚ್ಚಿಡದಿರುವುದನ್ನು. ಒಂದು ಮಗುವಿಗೆ ಕಂಡ ದಿನವೇ, ಯಾರಿಗೆ ಎಂದು ಹೇಳದೆ, ಎಲ್ಲ ಪೋಷಕರಿಗೆ ಸಂದೇಶ. ಜ್ವರ ಬಿಟ್ಟು, ಗುಳ್ಳೆಗಳು ಒಣಗುವ ತನಕ ಆ ಮಗು ಮನೆಯಲ್ಲಿ. ಗುಣವಾದ ಮೇಲೂ ವಾರಗಟ್ಟಲೆ ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ, ಆದ್ದರಿಂದ ಡೈಪರ್ ಬದಲಿಸಿದ ಮೇಲೆ ಸೋಪು ನೀರೇ, ಸ್ಯಾನಿಟೈಸರ್‌ಗೆ ಈ ವೈರಸ್ ಅಷ್ಟಾಗಿ ಬಗ್ಗುವುದಿಲ್ಲ. ಆಟಿಕೆಗಳನ್ನು ಮೊದಲು ಸೋಪಿನಲ್ಲಿ ತೊಳೆದು, ಲೀಟರ್ ನೀರಿಗೆ 10 ಎಂಎಲ್ ಬ್ಲೀಚ್ ಹಾಕಿದ ದ್ರಾವಣದಲ್ಲಿ ಅದ್ದಿ, ಮತ್ತೆ ತೊಳೆದು ಒಣಗಿಸುವುದು. ಕೊಳೆ ಇರುವಾಗಲೇ ಬ್ಲೀಚ್ ಹಾಕಿದರೆ ಅದರ ಬಲ ಕೊಳೆಗೇ ಮುಗಿಯುತ್ತದೆ. ಉಳಿದ ನಿಯಮಗಳು: ಜ್ವರ 100.4 ಆದರೆ ಬಂದು ಕರೆದುಕೊಂಡು ಹೋಗಬೇಕು, ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ವಾಪಸ್; ಭೇದಿಗೆ 48 ಗಂಟೆ. ರಜೆ ಸಿಗದ ಪೋಷಕರಿಗೆ ಇದು ಕಷ್ಟ. ಬೇರೆ ಮಗುವಿನ ಭೇದಿ ನಮ್ಮ ಮಗುವಿಗೆ ಬಂದರೆ ಇನ್ನೂ ಕಷ್ಟ.

ಸೇರಿಸುವಾಗ ಕೊಡುವ ಫಾರಂನಲ್ಲಿ ಒಂದು ಕಾಲಂ ವಿಶೇಷ: ನೀರು, ಹಸಿವು, ಉಚ್ಚೆ, ನಿದ್ದೆ, ನೋವು ಇವಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ, ಮಲಯಾಳಂ, ಹಿಂದಿ ಎಲ್ಲ ಮನೆಗಳ ಮಕ್ಕಳೂ ಇರುವ ಕಡೆ ಇದು ಅಲಂಕಾರವಲ್ಲ. ಉದಾಕ್ ಎಂದು ಅಳುವ ಮಗುವಿಗೆ ನೀರು ಕೊಡುವ ಬದಲು ಆಟಿಕೆ ಕೊಟ್ಟು ಫಲವಿಲ್ಲ.

ಅಷ್ಟಮಿ, ನವರಾತ್ರಿಯಲ್ಲಿ ಹುಲಿವೇಷದ ತಾಸೆಯ ಸದ್ದು ಹತ್ತಿರ ಬಂದರೆ ಕೂಸುಗಳನ್ನು ಹಿಂದಿನ ಕೋಣೆಗೆ ಒಯ್ಯುತ್ತಾರೆ, ದೊಡ್ಡವರನ್ನು ಎತ್ತಿಕೊಂಡು ಗೇಟಿನಿಂದ ತೋರಿಸುತ್ತಾರೆ. ಅಷ್ಟಮಿಯ ಮರುದಿನದ ಮೊಸರುಕುಡಿಕೆ, ಅಂದರೆ ವಿಟ್ಲಪಿಂಡಿ ದಿನ ರಜೆ.

ಕೊರತೆಗಳೂ ಉಂಟು. ಕಾರು ನಿಲ್ಲಿಸಲು ಜಾಗ ಇಲ್ಲ, ಒಳರಸ್ತೆ ಕಿರಿದು. ಹೊರಗೆ ಆಡುವ ಜಾಗ ಮಳೆಯಲ್ಲಿ ಪೂರ್ತಿ ಬಂದ್, ಮೂರು ವರ್ಷ ದಾಟಿದ ಮಕ್ಕಳಿಗೆ ಆಗ ಬೇಜಾರು ಹಿಡಿಯುತ್ತದೆ. ಅವರ ಆಟಕ್ಕೆ ಇನ್ನಷ್ಟು ಯೋಚನೆ ಬೇಕು. ನೈಟ್ ಡ್ಯೂಟಿಯವರಿಗೆ ಇಲ್ಲಿ ವ್ಯವಸ್ಥೆ ಇಲ್ಲ, ಸಮಯ ಎಂಟರಿಂದ ಆರು. ಪಟ್ಟಿಯಲ್ಲಿ ಫೋಟೊ ಸಹಿತ ಹೆಸರಿಲ್ಲದಿದ್ದರೆ ಸ್ವಂತ ಅಜ್ಜ ಬಂದರೂ ಮಗುವನ್ನು ಕಳಿಸುವುದಿಲ್ಲ, ಫೋನಿನಲ್ಲಿ ನಾವು ಹೇಳಿದರೂ ಕೇಳುವುದಿಲ್ಲ. ಮಾವನವರಿಗೆ ಬೇಸರವಾಗುವ ಮೊದಲೇ ಅವರ ಫೋಟೊ ಕೊಟ್ಟುಬಿಡಿ. ಆರು ಗಂಟೆ ದಾಟಿದರೆ ಪ್ರತಿ ಕಾಲು ಗಂಟೆಗೆ 100 ರೂಪಾಯಿ. ಕಲ್ಸಂಕ ಜಂಕ್ಷನ್‌ನಲ್ಲಿ ಟ್ರಾಫಿಕ್ ಬ್ಲಾಕ್ ಇತ್ತು ಎಂಬ ಕಾರಣ ನಡೆಯುವುದಿಲ್ಲ. ಆ ಹಣ ಮಾಲಕರಿಗಲ್ಲ, ಉಳಿದುಕೊಂಡ ಅಕ್ಕನಿಗೆ ಹೋಗುತ್ತದೆ. ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಡುವುದಕ್ಕಿಂತ ದಿನವೂ ಆರಕ್ಕೆ ಐದು ನಿಮಿಷ ಇರುವಾಗಲೇ ಬರುವುದು ಅವರಿಗೆ ಹೆಚ್ಚು ಖುಷಿ. ಅವರ ಮಕ್ಕಳೂ ಮನೆಯಲ್ಲಿ ಕಾಯುತ್ತಿರುತ್ತಾರೆ.

ಜಾಗ ಖಾಲಿಯಾಗುವುದು ದೊಡ್ಡ ಮಕ್ಕಳು ಶಾಲೆಗೆ ಹೋಗುವ ಮೇ ತಿಂಗಳ ಕೊನೆಗೆ. ಗರ್ಭಿಣಿಯಾಗಿರುವಾಗಲೇ ಹೆಸರು ಬರೆಸುವವರಿದ್ದಾರೆ. ಇಂಥ ಕಡೆ ವಿಚಾರಿಸಲು ಹೋಗುವುದಾದರೆ ಹನ್ನೊಂದರ ಹೊತ್ತಿಗೆ, ಹೇಳದೆ ಹೋಗಿ, ತಾಯಿ ಕಾರ್ಡ್ ಜೊತೆಗಿರಲಿ. ಒಂದರಿಂದ ಮೂರರ ತನಕ ಮಕ್ಕಳ ನಿದ್ದೆ, ಬೆಲ್ ಒತ್ತಿದರೂ ಬಾಗಿಲು ತೆರೆಯುವುದಿಲ್ಲ.